ಮೂರನೆಯ ಕೂಗು

ಯಾರ ಮನೆಗೆ ಹೋದರೂ ಹೊಸ್ತಿಲಾಚೆ ನಿಂತು ಮನೆಯವರ ಹೆಸರನ್ನು ಮೂರು ಸಲ ಕೂಗದೆ ಒಳಗೆ ಕಾಲಿಡದ ಕೇದಾರಿ, ತನ್ನ ಸ್ವಂತ ಮನೆಯ ಮುಂದೆ ಮಾತ್ರ ಎರಡೇ ಸಲ ಕೂಗಿ, ಮೂರನೆಯದನ್ನು ನುಂಗಿಕೊಂಡು, ತಲೆ ತಗ್ಗಿಸಿ ಬಾಗಿಲು ದಾಟುತ್ತಿದ್ದ. ಕೂಗುತ್ತಿದ್ದುದು ಹೆಂಡತಿ ಮಾಯವ್ವನ ಹೆಸರನ್ನಲ್ಲ, ಮಗ ಯಲ್ಲಾರಿಯ ಹೆಸರನ್ನು. ಆ ಮಗ ಇನ್‌ಫ್ಲುಯೆಂಜಾ ಬೇನೆಯ ವರ್ಷ ಹುಬ್ಬಳ್ಳಿಗೆ ದುಡಿಯಲು ಹೋದವನು ಅಲ್ಲಿಯೇ ತೀರಿಕೊಂಡು, ಯಾರೋ ಪರಸ್ಥಳದವರು ಮಣ್ಣು ಮಾಡಿ, ಬರಿಯ ಸುದ್ದಿಯಷ್ಟೇ ಹುಕ್ಕೇರಿಗೆ ಬಂದು ಇಪ್ಪತ್ತು ವರ್ಷಗಳಾಗಿದ್ದವು. ಹಾಡುಹಗಲಿನಲ್ಲಿ ಆ ಎರಡು ಕೂಗುಗಳನ್ನು ಕೇಳಿದಾಗ, ಸುಳ್ಳೇಕೆ ಹೇಳಲಿ, ವಕೀಲನಾದ ನನಗೂ ಮೈ ಜುಮ್ಮೆನ್ನುತ್ತಿತ್ತು.

ಕೇದಾರಿ ನಮ್ಮ ಕೋರ್ಟಿನಲ್ಲಿ ಪಕ್ಷಗಾರರ ಹೆಸರು ಕೂಗುತ್ತಿದ್ದ ಪಟ್ಟೇವಾಲಾ. ಊರಿಗೆಲ್ಲ ಪುಕಾರಿ ಕಾಕಾ. ಅವನ ನಿಜನಾಮಧೇಯ ಬಲ್ಲವರೇ ಕಡಿಮೆ. ನೌಕರಿ ಮುಗಿದ ಮೇಲೂ ಕೆಂಪು ಕೋಟನ್ನು ಬಿಡಲಿಲ್ಲ. ಬಣ್ಣ ಮಾಸಿದ ಆ ಕೋಟಿನ ಎದೆಯ ಮೇಲೆ, ಹಿತ್ತಾಳೆಯ ಬಿಲ್ಲೆ ಇದ್ದಲ್ಲಿ ಮಾತ್ರ, ಗುಂಡನೆಯ ಗಾಢ ಕೆಂಪು ಉಳಿದಿತ್ತು. ನಡೆಯುವಾಗ ಒಂದು ಭುಜವನ್ನು ಓರೆ ಮಾಡಿ, ಹಿಂದಿನಿಂದ ಸಾಹೇಬರು ಬರುತ್ತಿರುವಂತೆ ದಾರಿ ಬಿಡಿಸುತ್ತ ನಡೆಯುವನು. ಹಿಂದೆ ಯಾರೂ ಇರುತ್ತಿರಲಿಲ್ಲ. ನಡುಹಗಲಿನಲ್ಲಿ ಹೆಸರು ಹಿಡಿದು ಯಾರಾದರೂ ಕರೆದರೆ ಮೊದಲೆರಡು ಕೂಗಿಗೆ ಓಗೊಡಬಾರದು, ದೆವ್ವಕ್ಕೆ ಮೂರನೆಯ ಸಲ ಕೂಗಲು ಬರುವುದಿಲ್ಲವೆಂದು ನಮ್ಮ ಕಡೆಯ ಅಜ್ಜಿಯರು ಹೇಳುತ್ತಾರೆ. ಕೋರ್ಟಿನ ಕಾನೂನೂ ಮೂರು ಕೂಗಿನದೇ. ಖಟ್ಲೆಗಳ ಆಯುಷ್ಯ ಮನುಷ್ಯರ ಆಯುಷ್ಯಕ್ಕಿಂತ ದೀರ್ಘವಾದ್ದರಿಂದ ಕೇದಾರಿ ಎಷ್ಟೋ ಸಲ ಸತ್ತವರನ್ನೂ ಕರೆದಿದ್ದ.

“ಸತ್ತವರನ್ನ ಕರಿಯೂದು ತ್ರಾಸ ಅಲ್ರಿ ವಕೀಲರ,” ಎಂದು ಒಮ್ಮೆ ನನ್ನ ಪಡಸಾಲೆಯಲ್ಲಿ ಕುಳಿತು ಹೇಳಿದ್ದ. “ಮೂರನೇ ಕೂಗಿಗೂ ಬರಲಿಲ್ಲ ಅಂದ್ರ ಗೈರುಹಾಜರ ಅಂತ ಜಾಹೀರ ಮಾಡಬೇಕಲ್ಲ, ಅದು ತ್ರಾಸ. ಅಲ್ಲಿಗೆ ಮನಶಾ ಖಲಾಸ.” ಮಗನ ಹೆಸರನ್ನು ಯಾಕೆ ಎರಡೇ ಸಲ ಕೂಗುತ್ತಾನೆಂಬುದು ನನಗೆ ಆಗ ತಿಳಿಯಿತು.

ಹೊಸ ಉದ್ದಿಮೆಗಳಿಗೆ, ದುಡಿಯುವ ಆಳುಗಳ ಲೆಕ್ಕದ ಮೇಲೆ, ಸರಕಾರ ಸಹಾಯಧನ ಕೊಡುತ್ತಿದ್ದ ಕಾಲವದು. ಮೂಡಲಗಿಯ ರಾಚಪ್ಪ ಸಾಹುಕಾರ ಧುಪದಾಳದ ಕಟ್ಟೆಯ ಆಚೆ ಶೇಂಗಾ ಎಣ್ಣೆಯ ಗಿರಣಿ ಹಾಕಿದ್ದಾನೆಂದೂ, ಅವನಿಗೆ ಸಹಾಯ ಮಂಜೂರಾಗಿದೆಯೆಂದೂ, ಯಾರದಾದರೂ ತಕರಾರಿದ್ದರೆ ತಿಳಿಸಬೇಕೆಂದೂ ಒಂದು ನೋಟೀಸು ಕಚೇರಿಯಲ್ಲಿ ಹಚ್ಚಲ್ಪಟ್ಟಿತ್ತು. ಹಚ್ಚಿದ್ದು ಒಳಕೋಣೆಯ ಬಾಗಿಲ ಹಿಂದೆ, ಇಂಗ್ಲಿಷಿನಲ್ಲಿ. ಕೇದಾರಿ ನನ್ನನ್ನು ಎಳೆದುಕೊಂಡು ಹೋಗಿ ಓದಿಸಿದ. “ಬಾಗಲದ ಹಿಂದ ಹಚ್ಚಿದ್ರ ಹಲ್ಲಿ ಓದಬೇಕೇನ್ರಿ? ಸರಕಾರ ಕೊಟ್ಟದ್ದು ಅಂದ್ರ ಮಂದೀದು. ಮಂದ್ಯಾಗ ಕೂಗಬೇಕು!” ಎಂದವನೇ ಸಂತೆಗೆ ಹೋಗಿ, ಬೆಲ್ಲದ ಗಾಡಿಯ ಮೇಲೆ ಹತ್ತಿ ನಿಂತು, ನೋಟೀಸನ್ನು ಮೂರು ಸಲ ಕೂಗಿದ. ಜನ ನಕ್ಕರು. ಸಾಹುಕಾರನಂತೂ, ಪುಕ್ಕಟೆ ಡಂಗುರವಾಯಿತೆಂದು ಹಿಗ್ಗಿ, ಹಣ ಕೊಡುವ ಮುನ್ನ ಸರಕಾರ ನಡೆಸುವ ತನಿಖೆಯ ದಿನ ಗಿರಣಿಯ ಆಳುಗಳ ಹೆಸರು ಕೂಗಲು ಇವನನ್ನೇ ಗೊತ್ತು ಮಾಡಿದ. ಎಂಥ ಶಾಣ್ಯಾ ನೋಡಿ!

ತನಿಖೆಯ ಸಾಹೇಬರು ಪುಣೆಯಿಂದ ಬಂದು ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಾಗ ಸೂರ್ಯ ನೆತ್ತಿಯ ಮೇಲಿದ್ದ. ತಾಲೂಕು ಬೋರ್ಡಿನ ಮೆಂಬರನೆಂದು ನನಗೂ ಒಂದು ಕುರ್ಚಿ. ಎದುರಿಗೆ ತಗಡಿನ ದೊಡ್ಡ ಶೆಡ್ಡು, ಅದರ ಬಾಗಿಲು ಮುಚ್ಚಿತ್ತು; ಅಮಾವಾಸ್ಯೆಯಾದ್ದರಿಂದ ಯಂತ್ರಗಳಿಗೆ ರಜೆಯೆಂದು ಸಾಹುಕಾರ ಹೇಳಿದ. ಪಕ್ಕದಲ್ಲಿ ಸಾಲಾಗಿ ನಿಂತ ಆಳುಗಳು. ಪರವೂರಿನಿಂದ ಹೊಸದಾಗಿ ಬಂದ ಗುಮಾಸ್ತ ಒಂದೊಂದೇ ಹೆಸರನ್ನು ಪಿಸುಗುಟ್ಟುವನು, ಕೇದಾರಿ ಕೂಗುವನು, ಮೂರನೆಯ ಕೂಗಿಗೆ ಸಾಲಿನಿಂದ ಒಬ್ಬ “ಹಾಜರ” ಎನ್ನುವನು. ಹೆಸರುಗಳು ಸಾಗಿದಂತೆ ಕೇದಾರಿ ನನ್ನತ್ತ ಬಾಗಿ, “ವಕೀಲರ, ಇವರನ್ನೆಲ್ಲಾ ನಾ ಮೊದಲ ಕರದೀನ್ರಿ. ಕೋರ್ಟಿನ್ಯಾಗ. ಆವಾಗ ಇವರು ಬಂದಿರಲಿಲ್ಲ,” ಎಂದ. ಈಗಷ್ಟೇ ಹಾಜರಾದ ಗುರುಲಿಂಗಪ್ಪ ನನ್ನ ಪಕ್ಷಗಾರನೇ; ಅವನ ಮಣ್ಣಿಗೆ ನಾನೇ ಹೋಗಿದ್ದೆ. ತಕರಾರು ಮಾಡದ ಹೆಸರುಗಳು ಬೇಕಾಗಿದ್ದವೆಂದು ಸಾಹುಕಾರ ಸತ್ತವರನ್ನೆಲ್ಲ ಆಳಾಗಿಟ್ಟುಕೊಂಡು, ಅವರ ಹೆಸರಿಗೆ ಓಗೊಡಲು ಯಾರಾರನ್ನೋ ಕೂಲಿಗೆ ತಂದು ನಿಲ್ಲಿಸಿದ್ದ.

ಗುಮಾಸ್ತ, ಯಾರ ಕಿವಿಯಲ್ಲಿ ಏನು ಹೇಳುತ್ತಿದ್ದೇನೆಂಬ ಅರಿವಿಲ್ಲದೆ, ಮುಂದಿನ ಹೆಸರು ಹೇಳಿದ: ಯಲ್ಲಾರಿ ಕೇದಾರಿ.

ಅಭ್ಯಾಸಬಲದಿಂದ ಕೇದಾರಿ ಒಮ್ಮೆ ಕೂಗಿದ. ಮತ್ತೊಮ್ಮೆ ಕೂಗಿದ. ಆಮೇಲೆ ನಿಂತುಬಿಟ್ಟ. ಸಾಲಿನಲ್ಲಿ ಒಬ್ಬ ಅಪರಿಚಿತ ಯುವಕ, ಓಗೊಡಲು ಸಿದ್ಧನಾಗಿ ಬಾಯಿ ತೆರೆದು ನಿಂತಿದ್ದ. ವಿಷಯ ಹೊಳೆದ ಸಾಹುಕಾರ ಸರ್ರನೆ ಹತ್ತಿರ ಬಂದು, ಸಾಹೇಬರಿಗೆ ಕೇಳಿಸದಂತೆ, “ಕಾಕಾ, ಇಷ್ಟಕ್ಕ ಬಿಡು. ಹಾಜರ ಅಂತ ಬರಸ್ತೀನಿ. ಸರಕಾರದ ದಫ್ತರದಾಗರೆ ನಿನ್ನ ಮಗ ಜೀವಂತ ಇರ್ತಾನ. ತಿಂಗಳಾ ತಿಂಗಳಾ ಪಗಾರ ಮಾಯವ್ವನ ಕೈಗೆ ಮುಟ್ಟಸ್ತೀನಿ,” ಎಂದ. ಅಯ್ಯೋ ಪಾಪಿ! ಇಪ್ಪತ್ತು ವರ್ಷ ಆ ಮುದುಕ ಎರಡು ಕೂಗುಗಳಲ್ಲಿ ಹಿಡಿದಿಟ್ಟುಕೊಂಡಿದ್ದ ಜೀವವನ್ನೇ ಸಾಹುಕಾರ ಅವನಿಗೆ ಲಂಚವಾಗಿ ಚಾಚಿದ್ದ.

ಕೇದಾರಿ ಕೋಟಿನ ಗುಂಡಿ ಹಾಕಿಕೊಂಡ. ಆಳುಗಳ ಸಾಲಿಗೆ ಬೆನ್ನು ತಿರುಗಿಸಿ, ಮುಚ್ಚಿದ ಶೆಡ್ಡಿನ ಕಡೆಗೆ ಮುಖ ಮಾಡಿ, ಮೂರನೆಯ ಸಲ ಕೂಗಿದ. ಸಾಹುಕಾರನ ಮಾತು ಕೇಳಿಸಿಕೊಂಡಿದ್ದ ಆ ಯುವಕ ರುಮಾಲಿನ ಸೆರಗನ್ನು ಬಾಯಿಗೊತ್ತಿ ಹಿಂದೆ ಸರಿದ. ಆದರೆ ಉತ್ತರ ಬಂತು. ಶೆಡ್ಡಿನ ಒಳಗಿನಿಂದ, ಅದೇ ಹೆಸರು, ಅದೇ ದನಿ, ತುಸು ಎಳೆಯದು. ಆಳುಗಳಲ್ಲಿ ಅರ್ಧ ಜನ ಓಡಿಯೇಹೋದರು.

ಸಾಹೇಬರು ಎದ್ದು ನಿಂತರು. “ಯಂತ್ರ ತುಂಬಿದ ಮನೆ ಹೀಗೆ ಮಾರ್ದನಿ ಕೊಡುವುದಿಲ್ಲ. ಬಾಗಿಲು ತೆಗೆಯಿರಿ,” ಎಂದರು. ತೆಗೆದರೆ ಒಳಗೆ ಯಂತ್ರವಿಲ್ಲ, ಗಾಣವಿಲ್ಲ, ಒಂದು ಹಿಡಿ ಶೇಂಗಾ ಸಿಪ್ಪೆಯೂ ಇಲ್ಲ. ನುಣ್ಣನೆಯ ನೆಲದ ಮೇಲೆ ನಮ್ಮದೇ ಗಿಡ್ಡ ನೆರಳುಗಳು ಬಿದ್ದವು. ಕೇದಾರಿ ಬಹಳ ಹೊತ್ತು ಆ ಬರಿದನ್ನು ನೋಡಿದ. ಆಮೇಲೆ, ಕೋರ್ಟಿನ ಗತ್ತಿನಲ್ಲಿಯೇ, “ಗೈರುಹಾಜರ,” ಎಂದು ಜಾಹೀರು ಮಾಡಿದ.

ಸಹಾಯ ನಿಂತಿತು. ಅವನನ್ನು ಮನೆಗೆ ಮುಟ್ಟಿಸಲು ನಾನೂ ಹೋದೆ. ಕೂಗದೆಯೇ ಹೊಸ್ತಿಲು ದಾಟಿದ ಗಂಡನನ್ನು ಕಂಡು ಮಾಯವ್ವ, “ಯಾಕ, ಇವತ್ತ ಕರೀಲಿಲ್ಲಾ?” ಎಂದಳು. “ಕರದು ಬಂದೀನಿ,” ಎಂದ. ಆಕೆ ಅಲ್ಲಿಯೇ ಕುಸಿದು ಕುಳಿತು, ಇಪ್ಪತ್ತು ವರ್ಷದ ಅಳುವನ್ನು ಆವತ್ತು ಅತ್ತಳು.

ಕೊಡುವುದನ್ನೆಲ್ಲ ಬೆಳಕಿನಲ್ಲಿ, ಹೆಸರು ಹಿಡಿದು, ಕೂಗಿ ಕೊಡಿರೆಂದು ಹಟ ಹಿಡಿಯುವವರು ಊರಿಗೊಬ್ಬರಾದರೂ ಇರುತ್ತಾರೆ. ನಾವು ಅವರನ್ನು ಬಾಯಿಬಡುಕರೆಂದು ನಗುತ್ತೇವೆ. ಕೂಗುವುದೇನು ಮಹಾ, ಗಂಟಲಿದ್ದರೆ ಸಾಕು. ಕೂಗಿದ ಮೇಲೆ ಕದಲದೆ ನಿಂತು, ಒಳಗಿನಿಂದ ಬರುವುದು ಮನುಷ್ಯನ ಓಗೊಡುವಿಕೆಯೋ ಬರಿದಿನ ಮಾರ್ದನಿಯೋ ಎಂದು ಆಲಿಸಿ, ಬರಿದಾದರೆ ಬರಿದೆಂದೇ ಸಾರುವುದು ಬೇರೆಯದೇ ಶಕ್ತಿ. ಕೂಗಿದ ಹೆಸರು ತಮ್ಮದೇ ಹೊಟ್ಟೆಯ ಕುಡಿಯದಾಗಿದ್ದರೂ ಅವರು ಹಾಗೆಯೇ ಸಾರುತ್ತಾರೆ.