ಯಾರೂ ಮಾತಾಡದ ಕಡೆ

"ಇಲ್ಲಿ ಯಾರೂ ಮಾತಾಡ್ತಿಲ್ಲವಲ್ಲ?" ಎಂದಳು ಮೇಲ್ವಿಚಾರಕಿ.

ಅವನು ಪರದೆ ನೋಡಿದ. ನಿಜ, ಯಾರೂ ಮಾತಾಡುತ್ತಿರಲಿಲ್ಲ. ಚಿತ್ರದ ನಾಯಕ ಐದನೇ ಸಲ ಭೂತಕಾಲಕ್ಕೆ ಹೋಗಿ, ಸಾಯಲಿರುವ ತಂದೆಯ ಮಂಚದ ಪಕ್ಕ ಸುಮ್ಮನೆ ಕೂತಿದ್ದ. ಕೆಳಗೆ ಬಿಳಿ ಅಕ್ಷರಗಳಲ್ಲಿ 'ಒಂದು ಗುಟುಕು ಕುಡಿಯಪ್ಪ' ಎಂದಿತ್ತು. ಆ ಸಾಲು ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಇವನೇ ಬರೆದದ್ದು, ಇವನಿಗೇ ಗೊತ್ತಿಲ್ಲದೆ.

"ಕಣ್ತಪ್ಪಿಂದ ಆಗಿದೆ."

"ಕಣ್ತಪ್ಪಿದ್ರೆ ಸಾಲು ಬಿಟ್ಟುಹೋಗುತ್ತೆ, ಹೊಸದು ಹುಟ್ಟಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. "ಮನೇಲೆಲ್ಲ ಆರಾಮಾನಾ?"

"ಹ್ಞೂಂ. ಆರಾಮು."

ಅವಳು ಪಕ್ಕದ ಮೇಜಿಗೆ ಹೋದಳು. ಅವನು ಸಾಲು ಅಳಿಸಿದ.

ಪರಭಾಷೆಯ ಚಿತ್ರಗಳಿಗೆ ಅಡಿಬರಹ ಬರೆಯುವುದು ಅವನ ಕೆಲಸ. ಎಂಥಾ ದುಃಖವಾದರೂ ಎರಡು ಸಾಲಿನಲ್ಲಿ ಹಿಡಿಸಬೇಕು. ಇದಕ್ಕಾಗಿ ಎರಡು ಎಂ.ಎ. ಮಾಡಿಕೊಂಡಿದ್ದ. ಈ ವರ್ಷ ಕಾಲಯಾನದ ಚಿತ್ರಗಳೆಲ್ಲ ಅವನ ತಲೆಗೇ ಬಂದು, ಕಚೇರಿಯವರು ಅವನಿಗೆ ಕಾಲಜ್ಞಾನಿ ಎಂದು ಹೆಸರಿಟ್ಟಿದ್ದರು. ಎಲ್ಲದರಲ್ಲೂ ಒಂದೇ ಕಥೆ. ಹಿಂದಕ್ಕೆ ಹೋದವನು ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುತ್ತಾನೆ, ಕಡೆಗೆ ಆದದ್ದು ಆಯಿತು ಎಂದು ಕೈಬಿಟ್ಟು ಮನೆಗೆ ಬರುತ್ತಾನೆ. ಎರಡು ಗಂಟೆ ಹತ್ತು ನಿಮಿಷದಲ್ಲಿ. ಅವನಿಗೆ ಆರು ವರ್ಷ ಸಾಲಲಿಲ್ಲ.

ಕೊನೆಯ ದಿನ ಆಸ್ಪತ್ರೆಯಲ್ಲಿ ಅಪ್ಪ ನೀರಿಗಾಗಿ ಅಂಗಲಾಚಿದ್ದರು. ನೀರು ಶ್ವಾಸಕೋಶಕ್ಕೆ ಇಳಿದೀತು, ಹನಿಯೂ ಕೊಡಬೇಡಿ ಎಂದಿದ್ದರು ಡಾಕ್ಟರು. ಓದಿದವನು, ಮೀರಲಿಲ್ಲ. ಲೋಟವನ್ನು ಎತ್ತಿ ಕಿಟಕಿಯಲ್ಲಿಟ್ಟು ಅಪ್ಪನಿಗೆ ಬೆನ್ನು ಹಾಕಿ ನಿಂತ. ಸಂಜೆಗೆ ಅಪ್ಪ ಇರಲಿಲ್ಲ. ಬಾಯಾರಿದವರನ್ನು ಹಾಗೇ ಕಳಿಸಿಬಿಟ್ಟೆನಲ್ಲ ಎಂಬ ಸಂಕಟ ಅವನನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಊಟದ ಹೊತ್ತಿಗೆ, ಅವನಿನ್ನೂ ಪರದೆಯ ಮುಂದಿರುವಾಗಲೇ, ಅಕ್ಕನ ಫೋನು ಬಂತು. ಅಮ್ಮನಿಲ್ಲದ ಮನೆಯಲ್ಲಿ ಅವನಿಗೆ ಕೈತುತ್ತು ಹಾಕಿ ಸಾಕಿದವಳು.

"ನಮ್ಮ ಮಾವನ್ನ ಆಸ್ಪತ್ರೆಗೆ ಸೇರಿಸಿದೀವಿ ಕಣೋ. ನಾನೇ ಪಕ್ಕದಲ್ಲಿದೀನಿ. ನೀರು ನೀರು ಅಂತಿದಾರೆ. ಡಾಕ್ಟ್ರು ಬೇಡ ಅಂದಿದಾರೆ."

"ಹಂಗಾದ್ರೆ ಕೊಡಬೇಡ."

ಎಷ್ಟು ಸಲೀಸಾಗಿ ಬಾಯಿಗೆ ಬಂತು ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇಲ್ಲಪ್ಪ, ಕೊಡಲ್ಲ. ಅವತ್ತು ಕೊಟ್ಟಿದ್ದೇ ಸಾಕಾಗಿದೆ."

"ಯಾವತ್ತು?"

ಅಕ್ಕ ದನಿ ತಗ್ಗಿಸಿದಳು. "ಅಪ್ಪನ ಕೊನೇ ದಿನ. ನೀನು ಔಷಧಿ ತರೋಕೆ ಕೆಳಗೆ ಹೋಗಿದ್ದೆ. ಆಗ ಅಪ್ಪಂಗೆ ಅರ್ಧ ಲೋಟ ಕುಡಿಸಿದೆ. ಕುಡಿದು ನಕ್ರು ಕಣೋ. ಆಮೇಲೇ ಆ ಕೆಮ್ಮು ಹತ್ತಿದ್ದು. ಇಷ್ಟು ವರ್ಷ ನಿನ್ನ ಹತ್ರ ಹೇಳೋಕೆ ಬಾಯಿ ಬರಲಿಲ್ಲ."

ಅಪ್ಪ ಕುಡಿದಿದ್ದರು. ನಕ್ಕಿದ್ದರು. ಅವನಿಗೆ ಮೊದಲು ಸಮಾಧಾನವಾಯಿತು, ಬೆನ್ನಿಗೇ ಸಿಟ್ಟು ಬಂತು. ಆರು ವರ್ಷ ಹೊತ್ತ ಹೊರೆಯನ್ನು ಅಕ್ಕ ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದಳು. ಅದು ಹೋದ ಮೇಲೆ ತನ್ನೊಳಗೆ ಏನು ಉಳಿದಿದೆ ಎಂದು ಹುಡುಕಿದ. ಏನೂ ಸಿಗದೆ ಹೆದರಿದ.

"ನಾನೇ ಅಪ್ಪನ್ನ ಕೊಂದೆ ಅನ್ಸುತ್ತೆ. ನಾನು ಮಾಡಿದ್ದು ತಪ್ಪಾ? ನೀನು ಓದಿದೋನು, ಹೇಳು."

ಇಲ್ಲ ಎಂದರೆ ಅಕ್ಕ ಬದುಕಿಕೊಳ್ಳುತ್ತಾಳೆ. ಆದರೆ ಲೋಟ ಎತ್ತಿಟ್ಟವನು ಕಲ್ಲೆದೆಯವನಾಗುತ್ತಾನೆ. ಹೌದು ಎಂದರೆ ಅವನು ಮಾಡಿದ್ದೇ ಸರಿ, ಅಕ್ಕನ ಕಥೆ ಮುಗಿಯಿತು. ಯಾವುದು ಹೇಳಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನ ಮೇಲೆ ಪ್ರೀತಿ ಉಕ್ಕಿ ಬಂತು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಕೇಳಿಸ್ತಿದೆಯೇನೋ?"

"ಕೇಳಿಸ್ತಿದೆ."

"ಮತ್ತೆ ಹೇಳು."

ಮೊಣಕೈ ಕೀಲಿಮಣೆಗೆ ತಗುಲಿ ಚಿತ್ರ ಓಡತೊಡಗಿತು. ಅವನು ಇನ್ನೂ ಬರೆಯದ ಭಾಗ. ನಾಯಕ ತಂದೆಯ ಕೈ ಹಿಡಿದು ಏನೋ ಹೇಳುತ್ತಿದ್ದ. ಚಿತ್ರದ ದನಿ ಬಂದ್ ಆಗಿತ್ತು. ಅಕ್ಕನ ಉಸಿರು ಕೇಳುತ್ತ ಅವನು ಆ ಮುಖವನ್ನೇ ನೋಡಿದ. ತುಟಿಗಳು ಬಹಳ ಹೊತ್ತು ಅಲುಗಾಡಿದವು. ಕೆಳಗೆ ಒಂದಕ್ಷರವೂ ಮೂಡಲಿಲ್ಲ.