ಭಾವ ನುಂಗದ ಮಾತ್ರೆ

ಭಾವ ಸುಳ್ಳು ಹೇಳಿದ್ದಾರೆ ಎಂದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಆ ತಟ್ಟೆ ನೋಡಿದ ಕೂಡಲೇ ತೀರ್ಮಾನಿಸಿಬಿಟ್ಟೆ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಮಲಪರೀಕ್ಷೆ ಮಾಡುತ್ತಿರುವವಳು ನಾನು. ಜನರ ಬಾಯಿಗಿಂತ ಅವರ ಹೊಟ್ಟೆಯನ್ನೇ ಹೆಚ್ಚು ನಂಬುತ್ತೇನೆ.

ನನ್ನ ಅಕ್ಕ ಹಾಸಿಗೆ ಹಿಡಿದು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಸೋಂಕಿಗೆ ಕೊಟ್ಟ ಆಂಟಿಬಯಾಟಿಕ್‌ಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಗುಡಿಸಿ ಹಾಕಿದ್ದವು. ಭೇದಿ ನಿಲ್ಲುತ್ತಲೇ ಇರಲಿಲ್ಲ. ಉಳಿದದ್ದು ಒಂದೇ ದಾರಿ: ಆರೋಗ್ಯವಂತರೊಬ್ಬರ ಮಲವನ್ನು ಸೋಸಿ ಅವಳ ಕರುಳಿಗೆ ಸೇರಿಸುವುದು. ಭಾವ ತಾವೇ ಮುಂದೆ ಬಂದರು. ಹತ್ತು ವರ್ಷದಿಂದ ಒಂದೇ ಒಂದು ಆಂಟಿಬಯಾಟಿಕ್ ಮಾತ್ರೆ ನುಂಗಿಲ್ಲ ಎಂದು ವೈದ್ಯೆಗೆ ಬರೆದುಕೊಟ್ಟರು.

ಅವರ ಮಲದ ಮಾದರಿ ಹಚ್ಚಿದ ತಟ್ಟೆ ಬೇರೆಯೇ ಹೇಳಿತು. ತಟ್ಟೆಯಲ್ಲಿಟ್ಟ ಆಂಟಿಬಯಾಟಿಕ್ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಸತ್ತು ಖಾಲಿ ವೃತ್ತ ಕಾಣಬೇಕು. ಭಾವನ ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿ ಆರೂ ಬಿಲ್ಲೆಗಳ ಅಂಚಿನವರೆಗೆ ಹಾಯಾಗಿ ಬೆಳೆದಿತ್ತು. ಅದು ಅಕ್ಕನ ರಕ್ತಕ್ಕೆ ಇಳಿದರೆ ಕೊಡಲು ಔಷಧಿಯೇ ಇರುವುದಿಲ್ಲ.

ಫೋನಿನಲ್ಲಿ ಕೇಳಿದರೆ, "ನಾನೇನೂ ನುಂಗಿಲ್ಲ ಕಣಮ್ಮ," ಎಂದರು. ಭಾನುವಾರ ಅವರ ಮನೆಗೆ ಹೋದಾಗ ಅವರ ಕೈ ನೋಡಿದೆ. ಬೆರಳ ಸಂದುಗಳೆಲ್ಲ ಸಿಪ್ಪೆ ಎದ್ದು ಕೆಂಪಾಗಿದ್ದವು. ಚರ್ಮದ ಕಾಯಿಲೆಗೆ ಯಾರಿಗೂ ಹೇಳದೆ ಔಷಧಿ ತಿನ್ನುತ್ತಿದ್ದಾರೆ, ಗ್ಯಾರಂಟಿ! ಅವರು ಹಾಲು ತರಲು ಹೋದಾಗ ನಾಚಿಕೆಯಿಲ್ಲದೆ ಕಪಾಟು ಜಾಲಾಡಿದೆ. ನೋವಿನ ಮುಲಾಮಿನ ಹೊರತು ಏನೂ ಸಿಗಲಿಲ್ಲ. ಅನುಮಾನ ಇನ್ನೂ ಬಲವಾಯಿತು. ಒಂದು ಸುಳಿವೂ ಬಿಡದೆ ಬಚ್ಚಿಟ್ಟಿದ್ದಾರೆಂದರೆ ಪಳಗಿದ ಕೈ.

ಅಕ್ಕನಿಗೆ ಔಷಧಿಗೆ ಬಗ್ಗದ ಈ ಪೀಡೆ ಅಂಟಿಸಿದವರೇ ಇವರಿರಬಹುದೇ? ಲ್ಯಾಬಿನ ಫ್ರೀಜರಿನಲ್ಲಿ ಅಕ್ಕನ ಹಳೆಯ ಮಾದರಿಗಳಿದ್ದವು. ಅವನ್ನೂ ಭಾವನ ಮಾದರಿಯನ್ನೂ ಜೀನ್ ಓದುವ ಯಂತ್ರಕ್ಕೆ ಕೊಟ್ಟೆ.

ಅಕ್ಕನದು ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ, ಭಾವನದು ಇ. ಕೋಲಿ, ಜಾತಿಯೇ ಬೇರೆ. ಆದರೆ ಎರಡರೊಳಗೂ ಅದೇ ಬಳೆಯಾಕಾರದ ಚಿಕ್ಕ ಡಿಎನ್‌ಎ, ಅದರಲ್ಲಿ ಔಷಧಿಯನ್ನು ಮುರಿಯುವ ಅದೇ ಜೀನ್, ಅಕ್ಷರ ಅಕ್ಷರವೂ ಒಂದೇ. ಈ ಬಳೆಯನ್ನು ಬ್ಯಾಕ್ಟೀರಿಯಾಗಳು ಮಕ್ಕಳಿಗಷ್ಟೇ ಅಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯವಕ್ಕೂ ದಾಟಿಸುತ್ತವೆ. ಆಸ್ಪತ್ರೆಗೆ ಸೇರಿದ ದಿನ ಅಕ್ಕನಲ್ಲಿ ಅದಿರಲಿಲ್ಲ. ಮೂರನೇ ವಾರ ಬಂದಿತ್ತು, ಅದೇ ವಾರ್ಡಿನ ಇನ್ನೂ ನಾಲ್ವರಲ್ಲೂ ಇತ್ತು. ಆ ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಹಾಗಾದರೆ ಅದು ಹೋದದ್ದು ಅಕ್ಕನ ಹೊಟ್ಟೆಯಿಂದ ಭಾವನ ಹೊಟ್ಟೆಗೆ. ಹೇಗೆ? ಅಕ್ಕನ ಮೈ ತೊಳೆಯಲು, ಬಟ್ಟೆ ಬದಲಿಸಲು ದಿನಕ್ಕೆರಡು ಸಲ ಒಬ್ಬ ಆಯಾ ಬರುತ್ತಾಳೆಂದು ಭಾವನೇ ನಮಗೆಲ್ಲ ಹೇಳಿದ್ದರು.

ಭಾವ ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿಕೊಂಡು ಆ ಆಯಾ ಬಗ್ಗೆ ಅಕ್ಕನನ್ನು ಕೇಳಿದೆ. ಅವಳು ಗೋಡೆಯ ಕಡೆ ತಿರುಗಿದಳು.

"ಅವಳು ಬಿಟ್ಟುಹೋಗಿ ಹತ್ತು ತಿಂಗಳಾಯ್ತು ಕಣೇ. ಎಲ್ಲಾ ಅವರೇ ಮಾಡೋದು. ರಾತ್ರಿ ಮೂರು ಮೂರು ಸಲ ಎದ್ದು ಬ್ಲೀಚಿಂಗ್ ಹಾಕಿ ಒಗೀತಾರೆ. ಯಾರಿಗೂ ಹೇಳ್ಬೇಡಿ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ."

ಕಪಾಟು ಜಾಲಾಡಿದ್ದು ನೆನಪಾಗಿ ಮೈಯೆಲ್ಲ ಬಿಸಿಯಾಯಿತು.

ಭಾವನ ಬದಲು ನನ್ನ ಮಾದರಿ ಕೊಟ್ಟೆ. ವಾರದ ನಂತರ ವೈದ್ಯೆ ಸ್ವತಃ ಕೆಳಗಿಳಿದು ಬಂದು ಬೆನ್ನು ತಟ್ಟಿದರು. ಆರೂ ಬಿಲ್ಲೆಗಳ ಸುತ್ತ ದೊಡ್ಡ ಖಾಲಿ ವೃತ್ತಗಳು. ಇಷ್ಟು ಒಳ್ಳೆಯ ದಾನಿ ಸಿಗುವುದು ಅಪರೂಪ ಎಂದರು. ಸಂಜೆ ಭಾವ ಫೋನ್ ಮಾಡಿದರು.

"ನಿನ್ನದು ಒಂಚೂರೂ ಕಲೆಯಿಲ್ಲವಂತೆ. ನಮ್ಮ ಪುಣ್ಯ ಕಣಮ್ಮ."

ಹೂಂ ಎಂದೆ. ವರ್ಷವಿಡೀ ಒಂದು ಭಾನುವಾರವೂ ತಪ್ಪಿಸದೆ ಆ ಮನೆಗೆ ಹೋಗಿ ಬಂದವಳು ನಾನು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಬಂದಿದ್ದೆ. ಅಕ್ಕನನ್ನು ಒಂದು ಸಲವೂ ಮುಟ್ಟಿರಲಿಲ್ಲ.