ಕನ್ನಡಕದಂಗಡಿಯವರು ಹವಳ ತೋರಿಸಿದ್ದು

ಊರಿಗೆಲ್ಲ ಕನ್ನಡಕ ಕೊಟ್ಟ ಮನುಷ್ಯ ಸ್ವಂತ ಹೆಂಡತಿಯ ವಿಷಯದಲ್ಲೇ ಎಡವಿಬಿಟ್ಟರು ನೋಡಿ.

ಮೂವತ್ತೊಂದು ವರ್ಷದಿಂದ ಕನ್ನಡಕದಂಗಡಿ ನಡೆಸುತ್ತಿರುವ ಯಜಮಾನರು ಅವರು. ಹೆಂಡತಿಯ ಬಲಗಣ್ಣಿಗೆ ಮೈನಸ್ ಹನ್ನೆರಡು, ಎಡಗಣ್ಣಿಗೆ ಮೈನಸ್ ಏಳು. ಅಂಗಡಿಯ ಗೋಡೆಗೆ ತೂಗಿದ ಅಕ್ಷರದ ಹಲಗೆಯಲ್ಲಿ ಆಕೆ ಆರನೆಯ ಸಾಲು ದಾಟಿದ್ದೇ ಇಲ್ಲ. ಈಗ ಡಾಕ್ಟರು ಬೇರೆ, ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ನೋಡುವುದೇನಿದ್ದರೂ ಈ ವರ್ಷವೇ ನೋಡಿಬಿಡಿ ಎಂದಿದ್ದರು. ಆಕೆ ಕೇಳಿದ್ದು ಒಂದೇ: "ಸಮುದ್ರದೊಳಗಿನ ಹವಳ ನೋಡ್ಬೇಕು ರೀ."

ಯಜಮಾನರು ತಾವೇ ಆಕೆಯ ನಂಬರಿನ ಗಾಜು ಉಜ್ಜಿ, ಈಜುವ ಮಾಸ್ಕಿನ ಒಳಗೆ ಅಂಟಿಸಿದರು. ಎರಡು ಬಸ್ಸು, ಒಂದು ದೋಣಿ ಹತ್ತಿ, ನರಪಿಳ್ಳೆಯಿಲ್ಲದ ಈ ತೀರಕ್ಕೆ ಕರೆತಂದರು.

"ಇನ್ನು ಮುಕ್ಕಾಲು ಗಂಟೆ ಅಷ್ಟೇ ಯಜಮಾನ್ರೇ. ಆಮೇಲೆ ನೀರು ಇಳಿದು ದೋಣಿ ಹವಳಕ್ಕೆ ತಾಗುತ್ತೆ," ಎಂದ, ತೀರದಿಂದ ಹವಳದ ಬಳಿಗೆ ಕರೆತಂದ ದೋಣಿಯವನು.

ಆಕೆ ಕನ್ನಡಕ ತೆಗೆದಿಟ್ಟು, ಮಾಸ್ಕ್ ಹಾಕಿ, ಉಸಿರಾಟದ ಕೊಳವೆ ಕಚ್ಚಿಕೊಂಡು, ನೀರಿಗಿಳಿದು, ದೋಣಿಯ ಅಂಚು ಹಿಡಿದೇ ಮುಖ ಮುಳುಗಿಸಿದಳು. ಮೇಲೆದ್ದು, "ಚೆನ್ನಾಗಿದೆ ರೀ, ತುಂಬಾ ಚೆನ್ನಾಗಿದೆ," ಎಂದಳು.

ಕಾಣದಿದ್ದರೂ ಮುಲಾಜಿಗೆ "ಚೆನ್ನಾಗಿದೆ" ಎನ್ನುವ ಗಿರಾಕಿಗಳನ್ನು ಯಜಮಾನರು ಎಷ್ಟು ಕಂಡಿಲ್ಲ! ಆ ಗಿರಾಕಿಗಳ ದನಿಯೂ ಹೀಗೇ ಇರುತ್ತದೆ. ಮಾಸ್ಕ್ ಕಸಿದು ನೋಡಿದರೆ, ಅಯ್ಯೋ ದೇವರೇ, ಗಾಜು ಅದಲುಬದಲು! ಅಂಗಡಿಯಲ್ಲಿ ಅವರು ಕೂರುವುದು ಗಿರಾಕಿಯ ಎದುರಿಗೆ. ಗಿರಾಕಿಯ ಬಲಗಣ್ಣು ಯಾವಾಗಲೂ ಇವರ ಎಡಗೈ ಕಡೆ. ಮಾಸ್ಕಿಗೆ ಒಳಗಿನಿಂದ ಅಂಟಿಸುವಾಗಲೂ ಕೈ ಹಳೇ ಚಾಳಿಯಂತೆ ಬಲದ ಗಾಜನ್ನು ಎಡಕ್ಕೇ ಕೂರಿಸಿತ್ತು.

"ಯಾಕೇ ಸುಳ್ಳು ಹೇಳ್ದೆ?"

"ಒಂದು ವಾರ ನಿದ್ದೆಗೆಟ್ಟು ಮಾಡಿದ್ರಲ್ಲ ರೀ. ಹೋಗ್ಲಿ ಬಿಡಿ, ಬಣ್ಣ ಬಣ್ಣವಾಗಿ ಏನೋ ಕಾಣ್ತು."

ಏನೋ ಕಾಣುವುದಕ್ಕೆ ಇಷ್ಟು ದೂರ ಬರಬೇಕಿತ್ತೇ? ಯಜಮಾನರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಅಂಟು ಕಲ್ಲಾಗಿತ್ತು, ಕೀಳಹೋದರೆ ಗಾಜೇ ಚೂರು. ಆಕೆಯ ಕನ್ನಡಕ ಕೈಗೆತ್ತಿಕೊಂಡರು. ಇಲ್ಲಿಗೆ ತಂದಿದ್ದು ಅದೊಂದೇ. ಕಡ್ಡಿ ಬಿಚ್ಚುವ ಪುಟ್ಟ ಸ್ಕ್ರೂಡ್ರೈವರ್ ತಂಗಿದ್ದ ರೂಮಿನಲ್ಲಿ, ಪ್ಯಾಂಟಿನ ಜೇಬಿನಲ್ಲಿತ್ತು. ಕಡ್ಡಿ ಮುರಿದುಕೊಂಡು ಬಂದ ಗಿರಾಕಿಗಳಿಗೆಲ್ಲ ಮಂಗಳಾರತಿ ಮಾಡುತ್ತಿದ್ದ ಮನುಷ್ಯ, ಕನ್ನಡಕದ ಎರಡೂ ಕಡ್ಡಿಗಳನ್ನು ಲಟಕ್ ಲಟಕ್ ಎಂದು ಮುರಿದೇಬಿಟ್ಟರು.

"ರೀ! ಆಮೇಲೆ ನಾನು ನಡೆಯೋದು ಹೇಗೆ?"

"ನಾನಿದ್ದೀನಲ್ಲ, ಸುಮ್ನಿರೇ."

ದೋಣಿಯವನ ದೊಡ್ಡ ಹಳೇ ಮಾಸ್ಕಿನೊಳಗೆ ಆ ಗಾಜುಗಳನ್ನು ಚೌಕಟ್ಟಿನ ಸಮೇತ, ದೋಣಿಯಲ್ಲಿದ್ದ ಗಾಯದ ಪಟ್ಟಿಯಿಂದ ಅಂಟಿಸಿದರು. ಎಡ ಯಾವುದು, ಬಲ ಯಾವುದು ಎಂದು ಮೂರು ಸಲ ಬಾಯಿಬಿಟ್ಟು ಹೇಳಿಕೊಂಡರು. ಆಕೆ ಮುಖ ಮುಳುಗಿಸಿದಳು.

ಈ ಸಲ ಏಳಲೇ ಇಲ್ಲ. ಅಂಚು ಬಿಟ್ಟು ತೇಲತೊಡಗಿದಳು. ಯಜಮಾನರು ನೀರಿಗಿಳಿದು ಆಕೆಯ ತೋಳು ಹಿಡಿದುಕೊಂಡರು. ಅವರಿಗೆ ಮಾಸ್ಕೂ ಇರಲಿಲ್ಲ, ಅದು ನೆನಪೂ ಇರಲಿಲ್ಲ. ನೀರು ಇಳಿಯಿತೆಂದು ದೋಣಿಯವನು ಮೂರು ಸಲ ಕೂಗಿದ ಮೇಲೇ ಆಕೆ ತಲೆಯೆತ್ತಿದ್ದು.

ವಾಪಸು ಮರಳಿನ ದಾರಿಯಲ್ಲಿ ಆಕೆ ಗಂಡನ ತೋಳಿಗೆ ಜೋತುಬಿದ್ದು ನಡೆದಳು.

"ಕಲ್ಲಿದೆ, ಕಾಲೆತ್ತು," ಎಂದರು ಇವರು.

"ಹವಳದ ಕೊಂಬೆ ಸಂದೀಲಿ ನೀಲಿ ಮೀನು ರೀ, ಅಂಗಿ ಗುಂಡಿಯಷ್ಟೇ ಇದೆ. ನನ್ನನ್ನ ನೋಡಿ ಒಳಗೆ ಹೋಯ್ತು, ಮತ್ತೆ ಇಣುಕ್ತು! ಇನ್ನೊಂದು ಮೀನು ಹವಳಾನ ಕಟಕಟ ಕಡೀತಿತ್ತು, ಸದ್ದು ಕೇಳಿಸ್ತು!"

"ಮೆಟ್ಟಿಲು ಬಂತು. ಮೂರಿದೆ." ಯಜಮಾನರು ನಿಂತರು. "ಸರಿಯಾಗಿ ಕಾಣ್ತಾ? ನನ್ನ ಸಮಾಧಾನಕ್ಕೆ ಹೇಳ್ಬೇಡ."

ಆಕೆ ಮಬ್ಬುಗಣ್ಣನ್ನು ಅವರ ಮುಖದ ಕಡೆ, ಸ್ವಲ್ಪ ಆಚೆಗೇ ಅನ್ನಿ, ತಿರುಗಿಸಿ ನಕ್ಕಳು.

"ಕೊನೇ ಸಾಲಿನವರೆಗೂ ಕಾಣ್ತು ರೀ."

ಯಾರು ಏನು ಓದಿದರೂ "ಇನ್ನೊಮ್ಮೆ ಓದಿ" ಎನ್ನುವ ಯಜಮಾನರು ಅಂದು ಇನ್ನೊಮ್ಮೆ ಕೇಳಲಿಲ್ಲ.